ಟರ್ಕಿ ಬೇಯುವವರೆಗೆ ಅತಿಥಿಗಳಿಗೇನು ಕೆಲಸ?

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್. ಹಿಂದಿನ ದಿನದಿಂದಲೇ ವಿಮಾನ ನಿಲ್ದಾಣಗಳು ತುಂಬಿರುತ್ತವೆ, ಹೆದ್ದಾರಿಗಳಲ್ಲಿ ಕಾರುಗಳ ಸಾಲು ಮುಗಿಯುವುದೇ ಇಲ್ಲ. ದೂರದ ಊರಿನಲ್ಲಿ ಓದುವ ಮಕ್ಕಳು, ಬೇರೆ ರಾಜ್ಯದಲ್ಲಿ ದುಡಿಯುವ ಅಣ್ಣತಮ್ಮಂದಿರು, ಒಂಟಿಯಾಗಿರುವ ಅಜ್ಜಿ, ಊರಿಗೆ ಹೋಗಲಾಗದ ವಿದೇಶಿ ವಿದ್ಯಾರ್ಥಿ ಹೀಗೆ ಎಲ್ಲರೂ ಯಾವುದೋ ಒಂದು ಮನೆಯ ಊಟದ ಮೇಜಿಗೆ ಬಂದು ಸೇರುತ್ತಾರೆ. ಉಣ್ಣುವ ಮುನ್ನ ಪ್ರಾರ್ಥನೆ ಹೇಳುವ ಮನೆಗಳಿವೆ. ಅದು ಬಿಟ್ಟರೆ ಈ ಹಬ್ಬಕ್ಕೆ ಪೂಜೆ ಪುನಸ್ಕಾರವಿಲ್ಲ, ಪಟಾಕಿಯಿಲ್ಲ, ಕ್ರಿಸ್‌ಮಸ್ಸಿನಂತೆ ಉಡುಗೊರೆ ಕೊಡುವ ರೂಢಿಯೂ ಇಲ್ಲ. ಊಟ ಮತ್ತು ಒಡನಾಟ, ಇವೆರಡೇ ಹಬ್ಬ. ಊಟದ ಹಿಂದೆ ಮುಂದೆ ಉಳಿಯುವ ಹೊತ್ತನ್ನು ಬಂದವರು ಹೇಗೆ ಕಳೆದರು ಎನ್ನುವುದರ ಮೇಲೆ ಹಬ್ಬ ಕಳೆಗಟ್ಟಿತೋ ಇಲ್ಲವೋ ಎನ್ನುವುದು ತೀರ್ಮಾನವಾಗುತ್ತದೆ.

ಆ ಹೊತ್ತು ಚಿಕ್ಕದೂ ಅಲ್ಲ. ಆರೂವರೆ ಏಳು ಕಿಲೋ ತೂಗುವ ಇಡೀ ಟರ್ಕಿ ಕೋಳಿಯನ್ನು 325 ಡಿಗ್ರಿ ಫ್ಯಾರನ್‌ಹೀಟಿನ ಓವನ್ನಿನಲ್ಲಿಟ್ಟರೆ, ಮಾಂಸದ ಒಳಭಾಗ 165 ಡಿಗ್ರಿ ಮುಟ್ಟಲು ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಅಷ್ಟು ಬಿಸಿ ಮುಟ್ಟದೆ ಅದನ್ನು ತಿನ್ನುವ ಹಾಗಿಲ್ಲ. ಸಾಮಾನ್ಯ ಮನೆಯಲ್ಲಿ ಓವನ್ ಒಂದೇ ಇರುವುದರಿಂದ ಟರ್ಕಿ ಹೊರಬಂದ ಮೇಲೆಯೇ ಸಿಹಿಗೆಣಸು, ಬೀನ್ಸು, ಬ್ರೆಡ್ಡಿನ ಸ್ಟಫಿಂಗ್ ಒಳಗೆ ಹೋಗಬೇಕು. ಊಟಕ್ಕೆ ಕೂರುವಾಗ ಮಧ್ಯಾಹ್ನ ಮೂರೋ ನಾಲ್ಕೋ ಆಗಿರುತ್ತದೆ. ಅತಿಥಿಗಳು ಅದಕ್ಕೆ ಎಷ್ಟೋ ಮೊದಲೇ ಬಂದಿರುತ್ತಾರೆ. ಮಕ್ಕಳು ಹಸಿದು ರಚ್ಚೆ ಹಿಡಿಯುತ್ತವೆ, ಹಿರಿಯರು ಸೋಫಾದಲ್ಲಿ ತೂಕಡಿಸುತ್ತಾರೆ, ಯಾರ ಪರಿಚಯವೂ ಇಲ್ಲದ ಹೊಸಬರು ಫೋನು ಹಿಡಿದು ಮೂಲೆ ಸೇರುತ್ತಾರೆ. ಅಡುಗೆಮನೆಯಲ್ಲಿರುವವರಿಗೆ ಇವರನ್ನು ಮಾತಾಡಿಸಲು ಪುರಸೊತ್ತಿಲ್ಲ. ಹೀಗಾದರೆ ಅಡುಗೆ ಎಷ್ಟೇ ರುಚಿಯಾಗಿರಲಿ, ಬಂದವರು ಒಬ್ಬರಿಗೊಬ್ಬರು ಅಪರಿಚಿತರಾಗಿಯೇ ಎದ್ದುಹೋಗುತ್ತಾರೆ.

ಇದು ನಮಗೆ ದೂರದ ಮಾತೇನಲ್ಲ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಗುರುವಾರದಿಂದ ಭಾನುವಾರದವರೆಗಿನ ಈ ರಜೆ ವರ್ಷದಲ್ಲಿ ನೆಂಟರಿಷ್ಟರು ಒಟ್ಟಿಗೆ ಸೇರಲು ಸಿಗುವ ಅಪರೂಪದ ಅವಕಾಶ. ಮಗಳ ಮನೆಗೋ ಮಗನ ಮನೆಗೋ ಹೋದ ಅಪ್ಪ ಅಮ್ಮಂದಿರು ಹಲವರು ಆಗ ಅಲ್ಲೇ ಇರುತ್ತಾರೆ. ಹೊಸದಾಗಿ ಓದಲು ಹೋದ ಹುಡುಗ ಹುಡುಗಿಯರನ್ನು ಪ್ರಾಧ್ಯಾಪಕರೋ ಸಹಪಾಠಿಗಳೋ ಊಟಕ್ಕೆ ಕರೆಯುತ್ತಾರೆ. ಅತಿಥಿಯಾಗಿ ಹೋಗುವವರಿಗೂ ಅತಿಥಿಗಳನ್ನು ಕರೆಯುವವರಿಗೂ ಆ ದಿನದ ಆಟಪಾಟಗಳ ಪರಿಚಯವಿದ್ದರೆ ಬಹಳ ಅನುಕೂಲ.

ನನ್ನ ನಂಬಿಕೆ ಇಷ್ಟು: ಅತಿಥಿಯನ್ನು ರಂಜಿಸುವುದೆಂದರೆ ಅವರ ಕೈಗೊಂದು ಕೆಲಸ ಕೊಡುವುದು. ಯಾವುದೇ ಆಟವನ್ನು ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಎಂಟು ವರ್ಷದ ಮಗು ಮತ್ತು ಎಂಬತ್ತರ ಅಜ್ಜ ಇದನ್ನು ಜೊತೆಯಾಗಿ ಆಡಬಹುದೇ? ತಡವಾಗಿ ಬಂದವರು ನಡುವೆ ಸೇರಿಕೊಳ್ಳಬಹುದೇ? ಊಟಕ್ಕೆ ಕರೆದ ಕೂಡಲೇ ಬೇಸರವಿಲ್ಲದೆ ನಿಲ್ಲಿಸಬಹುದೇ? ಮೂರಕ್ಕೂ ಹೌದು ಎನ್ನುವ ಆಟ ಈ ಹಬ್ಬಕ್ಕೆ ಹೇಳಿ ಮಾಡಿಸಿದ್ದು.

ಆಟ ಹೊಸದೇನಲ್ಲ

ಈ ಹಬ್ಬದ ಮೂಲವೆಂದು ಹೇಳಲಾಗುವ ಸಂದರ್ಭದಲ್ಲಿಯೂ ಜನ ಬರೀ ಉಂಡು ಹೋಗಿರಲಿಲ್ಲ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದು ಈಗಿನ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ನೆಲೆಸಿದ ಇಂಗ್ಲಿಷರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಉಳಿದವರು ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನೆರವಿನಿಂದ ಮೆಕ್ಕೆಜೋಳ ಬೆಳೆದು, 1621ರಲ್ಲಿ ಸುಗ್ಗಿಯ ಊಟ ಮಾಡಿದರು. ವಾಂಪನೋಗರ ನಾಯಕ ಮ್ಯಾಸಸೋಯಿಟ್ ಸುಮಾರು ತೊಂಬತ್ತು ಜನರೊಂದಿಗೆ ಬಂದಿದ್ದ, ಅವರು ಐದು ಜಿಂಕೆಗಳನ್ನು ಬೇಟೆಯಾಡಿ ತಂದರು. ಕೂಟ ಮೂರು ದಿನ ನಡೆಯಿತು. ಅಲ್ಲಿದ್ದ ಎಡ್ವರ್ಡ್ ವಿನ್ಸ್‌ಲೋ ಬರೆದ ಪತ್ರದಲ್ಲಿ ಊಟದ ಜೊತೆಗೆ ಬಂದೂಕು ಚಲಾಯಿಸುವ ಪ್ರದರ್ಶನ ಮತ್ತಿತರ ವಿನೋದಗಳ ಮಾತು ಬರುತ್ತದೆ.

ಅಧ್ಯಕ್ಷ ಅಬ್ರಹಾಂ ಲಿಂಕನ್ 1863ರಲ್ಲಿ, ಅಂತರ್ಯುದ್ಧದ ನಡುವೆ, ಇದನ್ನು ಇಡೀ ದೇಶದ ಹಬ್ಬವೆಂದು ಸಾರಿದರು. ಅದರ ಹಿಂದೆ ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿಯ ವರ್ಷಗಟ್ಟಲೆಯ ಪ್ರಯತ್ನವಿತ್ತು. ನವೆಂಬರಿನ ನಾಲ್ಕನೇ ಗುರುವಾರವೆಂದು ಕಾನೂನಿನಲ್ಲಿ ಗಟ್ಟಿಯಾದದ್ದು 1941ರಲ್ಲಿ. ಈ ಅವಧಿಯಲ್ಲಿ ಮನರಂಜನೆಯೂ ಹಬ್ಬದೊಳಗೆ ಬೇರು ಬಿಟ್ಟಿತು. 1876ರಷ್ಟು ಹಿಂದೆಯೇ ಯೇಲ್ ಮತ್ತು ಪ್ರಿನ್ಸ್‌ಟನ್ ವಿದ್ಯಾರ್ಥಿಗಳು ಈ ದಿನ ಅಮೆರಿಕನ್ ಫುಟ್‌ಬಾಲ್ ಆಡಿದ್ದರು. ಡೆಟ್ರಾಯಿಟ್ ಲಯನ್ಸ್ ತಂಡ 1934ರಲ್ಲಿ ಆರಂಭಿಸಿದ ಹಬ್ಬದ ದಿನದ ಪಂದ್ಯ, ಡಲ್ಲಾಸ್ ಕೌಬಾಯ್ಸ್ ತಂಡ 1966ರಲ್ಲಿ ಆರಂಭಿಸಿದ ಪಂದ್ಯ ಎರಡೂ ಇಂದು ಲಕ್ಷಾಂತರ ಮನೆಗಳ ಟಿವಿಯಲ್ಲಿ ಹಬ್ಬದ ಭಾಗ. ಆದರೆ ಟಿವಿ ಒಂದನ್ನೇ ನೆಚ್ಚಿಕೊಂಡ ಮನೆಯಲ್ಲಿ ಆಟ ಗೊತ್ತಿದ್ದವರಿಗೆ ಮಾತ್ರ ಹಬ್ಬ, ಉಳಿದವರು ಹೊರಗಿನವರೇ ಆಗಿ ಉಳಿಯುತ್ತಾರೆ.

ಬೆಳಗಿನ ಹೊತ್ತು

ಬೆಳಿಗ್ಗೆ ಬೇಗ ಬರುವವರಿಗೆ, ಹಿಂದಿನ ರಾತ್ರಿಯೇ ಬಂದು ತಂಗಿದವರಿಗೆ ನ್ಯೂಯಾರ್ಕಿನ ಮೇಸೀಸ್ ಮೆರವಣಿಗೆ ಇದ್ದೇ ಇದೆ. 1924ರಲ್ಲಿ ಮೇಸೀಸ್ ಅಂಗಡಿಯ ನೌಕರರು ವೇಷ ತೊಟ್ಟು, ಸೆಂಟ್ರಲ್ ಪಾರ್ಕ್ ಮೃಗಾಲಯದ ಪ್ರಾಣಿಗಳ ಜೊತೆ ನಡೆದದ್ದು ಇದರ ಶುರು. 1927ರಲ್ಲಿ ಪ್ರಾಣಿಗಳ ಜಾಗಕ್ಕೆ ದೈತ್ಯ ಬಲೂನುಗಳು ಬಂದವು. ಎರಡನೇ ಮಹಾಯುದ್ಧದಲ್ಲಿ ರಬ್ಬರ್ ಮತ್ತು ಹೀಲಿಯಂ ಉಳಿಸಬೇಕಾಗಿ ಬಂದು 1942ರಿಂದ 1944ರವರೆಗೆ ಮೆರವಣಿಗೆ ನಡೆಯಲಿಲ್ಲ. ಈಗ ಇಡೀ ದೇಶ ಇದನ್ನು ಟಿವಿಯಲ್ಲಿ ನೋಡುತ್ತದೆ.

ನೋಡುವುದನ್ನೇ ಆಟ ಮಾಡಲು ಒಂದು ಸುಲಭ ದಾರಿ ಇದೆ. ಹಾಳೆಯ ಮೇಲೆ ಅಡ್ಡ ಐದು, ಉದ್ದ ಐದು ಮನೆಗಳನ್ನು ಗೀಚಿ, ಒಂದೊಂದರಲ್ಲೂ ಮೆರವಣಿಗೆಯಲ್ಲಿ ಕಾಣಬಹುದಾದ ಒಂದೊಂದು ವಸ್ತು ಬರೆಯಬೇಕು. ನಾಯಿಯ ಬಲೂನು, ತುತ್ತೂರಿ ಊದುವವರು, ಕೋಡಂಗಿ, ಕುದುರೆ, ಕೊನೆಯಲ್ಲಿ ಬರುವ ಸಾಂತಾ ಕ್ಲಾಸ್. ಪ್ರತಿಯೊಬ್ಬರ ಹಾಳೆಯಲ್ಲೂ ಕ್ರಮ ಬೇರೆ ಇರಲಿ. ಕಂಡದ್ದರ ಮೇಲೆ ಒಂದು ಕಾಳು ಇಡುತ್ತಾ ಹೋಗಿ, ಒಂದು ಸಾಲು ತುಂಬಿದವರು ಬಿಂಗೋ ಎಂದು ಕೂಗಬೇಕು. ಓದಲು ಬಾರದ ಮಕ್ಕಳಿಗೆ ಚಿತ್ರ ಬರೆದುಕೊಟ್ಟರಾಯಿತು. ಇಂಗ್ಲಿಷ್ ಬಾರದ ಅಜ್ಜಿಯೂ ಮೊಮ್ಮಗುವಿನ ಪಕ್ಕ ಕೂತು ಬಲೂನು ಹುಡುಕಬಲ್ಲರು.

ಮೈ ಬೆವರಿಸಬೇಕೆನ್ನುವವರಿಗೆ ಟರ್ಕಿ ಟ್ರಾಟ್ ಓಟವಿದೆ. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ 1896ರಲ್ಲಿ ಆರೇ ಜನರಿಂದ ಎಂಟು ಕಿಲೋಮೀಟರಿನ ಓಟವಾಗಿ ಇದು ಶುರುವಾಯಿತು. ಬಾಸ್ಟನ್ ಮ್ಯಾರಥಾನಿಗಿಂತ ಒಂದು ವರ್ಷ ಹಿರಿಯದು. ಈಗ ಊರೂರಿನಲ್ಲಿ ಹಬ್ಬದ ಬೆಳಿಗ್ಗೆ ಇಂಥ ಓಟಗಳಿರುತ್ತವೆ. ಟರ್ಕಿಯ ಟೋಪಿ ಹಾಕಿಕೊಂಡು ಓಡುವವರಿಂದ ಹಿಡಿದು ಮಗುವಿನ ಗಾಡಿ ತಳ್ಳಿಕೊಂಡು ನಡೆಯುವವರವರೆಗೆ ಎಲ್ಲರಿಗೂ ಅಲ್ಲಿ ಜಾಗವಿದೆ. ಹೆಸರು ನೋಂದಾಯಿಸಲು ಆಗದಿದ್ದರೆ ಮನೆಯ ಸುತ್ತಲಿನ ಎರಡು ಬೀದಿ ಸುತ್ತಿ ಬಂದರೂ ಸಾಕು.

ಹಸಿವಿನ ಹೊತ್ತು

ಹನ್ನೆರಡರಿಂದ ಮೂರರವರೆಗಿನದು ಕಷ್ಟದ ಹೊತ್ತು. ಓಡಾಡಿಸುವ ಆಟ ಆಗ ಬೇಡ, ಕೂತು ಮಾಡುವ ಕೆಲಸ ಬೇಕು. ಮೊದಲು ಸಣ್ಣ ತಟ್ಟೆಗಳಲ್ಲಿ ಬಾದಾಮಿ, ಹಣ್ಣು, ಚೀಸ್ ಇಟ್ಟುಬಿಡಿ. ಹಸಿದ ಹೊಟ್ಟೆಗೆ ಯಾವ ಆಟವೂ ರುಚಿಸದು.

ಅಮೆರಿಕದ ಮಕ್ಕಳೆಲ್ಲ ಶಾಲೆಯಲ್ಲಿ ಕಲಿಯುವ ಒಂದು ಚಿತ್ರವಿದೆ. ಕಾಗದದ ಮೇಲೆ ಅಂಗೈ ಹರಡಿಟ್ಟು ಸುತ್ತ ಪೆನ್ಸಿಲ್ ಓಡಿಸಬೇಕು. ಹೆಬ್ಬೆರಳು ಟರ್ಕಿಯ ತಲೆ, ಉಳಿದ ನಾಲ್ಕು ಬೆರಳು ಗರಿಗಳು. ಹೆಬ್ಬೆರಳಿಗೆ ಕಣ್ಣು, ಕೊಕ್ಕು, ಕೆಂಪು ಜೋಲು ಬರೆದು, ಗರಿಗಳಿಗೆ ಬಣ್ಣ ತುಂಬಿದರೆ ಟರ್ಕಿ ಸಿದ್ಧ. ಇದನ್ನು ಮಕ್ಕಳಿಗಷ್ಟೇ ಬಿಡದೆ ಬಂದವರೆಲ್ಲರ ಕೈಯನ್ನೂ ಬರೆಸಿ, ಹೆಸರು ಹಾಕಿಸಿ, ಊಟದ ಮೇಜಿನಲ್ಲಿ ಯಾರು ಎಲ್ಲಿ ಕೂರಬೇಕು ಎನ್ನುವ ಗುರುತಾಗಿ ಇಡಬಹುದು. ಪರಿಚಯವಿಲ್ಲದ ಹಿರಿಯರ ಕೈಯನ್ನು ಮಗುವೊಂದು ಹಿಡಿದು ಕಾಗದದ ಮೇಲೆ ಒತ್ತುವಾಗ ಅರ್ಧ ಸಂಕೋಚ ಅಲ್ಲೇ ಕರಗುತ್ತದೆ.

ಇನ್ನೊಂದು ಕೃತಜ್ಞತೆಯ ಮರ. ಹೊರಗೆ ಬಿದ್ದಿರುವ ನಾಲ್ಕಾರು ಒಣಕೊಂಬೆ ತಂದು ಗಾಜಿನ ಜಾಡಿಯಲ್ಲಿ ನಿಲ್ಲಿಸಿ, ಅಲುಗದಂತೆ ಬುಡಕ್ಕೆ ಬೆಣಚುಕಲ್ಲು ತುಂಬಿ. ಕೆಂಪು, ಹಳದಿ, ಕಂದು ಕಾಗದದಲ್ಲಿ ಎಲೆಗಳನ್ನು ಕತ್ತರಿಸಿ, ತೂತು ಮಾಡಿ ದಾರ ಕಟ್ಟಿಡಿ. ಈ ವರ್ಷ ತಮಗೆ ಸಿಕ್ಕ ಯಾವುದಕ್ಕೆ ಋಣಿಯೋ ಅದನ್ನು ಒಂದೆಲೆಯ ಮೇಲೆ ಬರೆದು ಪ್ರತಿಯೊಬ್ಬರೂ ಕೊಂಬೆಗೆ ಕಟ್ಟಲಿ. ಬರೆಯುವ ಭಾಷೆ ಯಾವುದಾದರೂ ಸರಿ. ಸಂಜೆ ವೇಳೆಗೆ ಬರಿಗೊಂಬೆ ತುಂಬಿಕೊಂಡಿರುತ್ತದೆ.

ಅಡುಗೆಮನೆಯನ್ನೂ ಮುಚ್ಚಿಡಬೇಡಿ. ಕಡುಬಿನ ಹಬ್ಬದಲ್ಲಿ ಮನೆಮಂದಿಯೆಲ್ಲ ಕಡುಬು ಮಡಿಸಲು ಕೂರುವ ಹಾಗೆ ಇಲ್ಲಿಯೂ ಆಲೂಗಡ್ಡೆ ಹಿಸುಕುವುದು, ಬೀನ್ಸಿನ ನಾರು ತೆಗೆಯುವುದು, ಕುಂಬಳದ ಪೈ ಮೇಲೆ ಕ್ರೀಮು ಹಾಕುವುದು, ಇವೆಲ್ಲ ಅತಿಥಿಗಳಿಗೆ ಒಪ್ಪಿಸಬಹುದಾದ ಕೆಲಸ. ಮಾತು ಬಾರದ ಸಂಕೋಚದವರಿಗೆ ಇದಕ್ಕಿಂತ ದೊಡ್ಡ ಉಪಚಾರವಿಲ್ಲ. ಕೈ ಆಡುತ್ತಿದ್ದರೆ ಮಾತು ತಾನಾಗಿ ಹೊರಡುತ್ತದೆ.

ಮೇಜಿನ ಸುತ್ತ

ಊಟಕ್ಕೆ ಕೂತಾಗ ಒಬ್ಬೊಬ್ಬರೂ ತಾವು ಯಾವುದಕ್ಕೆ ಕೃತಜ್ಞರು ಎಂದು ಹೇಳುವ ಪದ್ಧತಿ ಅನೇಕ ಮನೆಗಳಲ್ಲಿದೆ. ನ್ಯೂ ಇಂಗ್ಲೆಂಡ್ ಭಾಗದ ಕೆಲವರು ತಟ್ಟೆಯ ಪಕ್ಕ ಐದು ಮೆಕ್ಕೆಜೋಳದ ಕಾಳಿಟ್ಟು, ಕಾಳಿಗೊಂದರಂತೆ ಐದು ಸಂಗತಿ ಹೇಳಿಸುತ್ತಾರೆ. ಆದರೆ ಹತ್ತು ಜನರೆದುರು ಎದೆಯ ಮಾತು ಆಡುವುದು ಎಲ್ಲರಿಗೂ ಸಲೀಸಲ್ಲ. ನಾಚಿಕೆಯವರು ತಮ್ಮ ಸರದಿ ಬರುವವರೆಗೆ ತುತ್ತು ಇಳಿಯದೆ ಕೂರುತ್ತಾರೆ.

ಅದಕ್ಕೆ ಚೀಟಿಯ ಆಟ ಮೇಲು. ಎಲ್ಲರೂ ಹೆಸರು ಬರೆಯದೆ ಒಂದೊಂದು ಸಂಗತಿ ಬರೆದು ಚೀಟಿ ಮಡಿಸಿ ಬಟ್ಟಲಿಗೆ ಹಾಕುತ್ತಾರೆ. ಒಬ್ಬರು ಒಂದೊಂದನ್ನೇ ತೆಗೆದು ಓದುತ್ತಾರೆ, ಬರೆದವರು ಯಾರೆಂದು ಉಳಿದವರು ಊಹಿಸುತ್ತಾರೆ. ಬೆಳಿಗ್ಗೆ ನನಗಾಗಿ ಬಸ್ಸು ನಿಲ್ಲಿಸಿ ಎರಡು ನಿಮಿಷ ಕಾದ ಚಾಲಕನಿಗೆ ವಂದನೆ ಎಂದು ಬರೆದವರು ಮನೆಯ ಅತಿ ಮೌನಿ ಹುಡುಗನಾಗಿರಬಹುದು, ಮೊಣಕಾಲು ಶಸ್ತ್ರಚಿಕಿತ್ಸೆಯ ನಂತರ ಮೊದಲ ಸಲ ಮೆಟ್ಟಿಲು ಹತ್ತಿದ ದಿನ ಎಂದು ಬರೆದವರು ತಾತ ಆಗಿರಬಹುದು. ಗೊತ್ತಾದ ಕೂಡಲೇ ಪ್ರಶ್ನೆಗಳು ಬರುತ್ತವೆ, ಮಾತು ಬೆಳೆಯುತ್ತದೆ.

ಕೃತಜ್ಞತೆ ಬರೆಯುವುದು ಬರೀ ಶಿಷ್ಟಾಚಾರವಲ್ಲ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನವರು ಪ್ರತಿ ವಾರ ತಾವು ಋಣಿಯಾಗಿರುವ ಸಂಗತಿಗಳನ್ನು, ಇನ್ನೊಂದು ಗುಂಪಿನವರು ಕಿರಿಕಿರಿಗಳನ್ನು ಬರೆದರು. ಹತ್ತು ವಾರ ಕಳೆದಾಗ ಮೊದಲ ಗುಂಪಿನವರು ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಿಂದ ಮಾತಾಡಿದರು.

ಉಂಡ ಮೇಲೆ

ಉಂಡವರಿಗೆ ತೂಕಡಿಕೆ ಸಹಜ. ಟರ್ಕಿ ಮಾಂಸದಲ್ಲಿರುವ ಟ್ರಿಪ್ಟೊಫ್ಯಾನ್ ಇದಕ್ಕೆ ಕಾರಣ ಎಂಬ ಮಾತು ಅಮೆರಿಕದಲ್ಲಿ ಮನೆಮಾತು. ಆದರೆ ಕೋಳಿಮಾಂಸದಲ್ಲಿಯೂ ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ನಿದ್ದೆ ಬರಿಸುವುದು ಊಟದ ಭಾರ. ಆದ್ದರಿಂದ ಮೊದಲು ಎಲ್ಲರನ್ನೂ ಅರ್ಧ ಗಂಟೆ ಹೊರಗೆ ನಡೆಸಿ. ಹಿತ್ತಲಿದ್ದರೆ ಕಾರ್ನ್‌ಹೋಲ್ ಆಟ ಚೆನ್ನಾಗಿರುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲದ ಎರಡು ಇಳಿಜಾರು ಹಲಗೆಗಳನ್ನು 27 ಅಡಿ ದೂರದಲ್ಲಿ ಎದುರುಬದುರು ಇಡುತ್ತಾರೆ. ಕಾಳು ತುಂಬಿದ ಸಣ್ಣ ಚೀಲ ಎಸೆದಾಗ ಹಲಗೆಯ ತೂತಿನೊಳಗೆ ಬಿದ್ದರೆ ಮೂರು ಅಂಕ, ಹಲಗೆಯ ಮೇಲೆ ನಿಂತರೆ ಒಂದು. 21 ಮುಟ್ಟಿದವರು ಗೆದ್ದರು. ಹಿರಿಯರಿಗೆ, ಮಕ್ಕಳಿಗೆ ದೂರ ಕಡಿಮೆ ಮಾಡಿದರೆ ಎಲ್ಲರೂ ಸಮಾನರು.

ಒಳಗೆ ಬಂದ ಮೇಲೆ ಮೂಕಾಭಿನಯದ ಡಂಬ್ ಶರಾಡ್ಸ್ ಆಗಬಹುದು, ಇಸ್ಪೀಟು ಆಗಬಹುದು. ಪಕ್ಕದ ಮೇಜಿನ ಮೇಲೆ ಐನೂರು ತುಂಡಿನ ಜಿಗ್ಸಾ ಚಿತ್ರ ಬಿಡಿಸಿಟ್ಟಿರಿ. ಗದ್ದಲ ಬೇಡವೆನ್ನುವವರು ಅಲ್ಲಿಗೆ ಹೋಗಿ ನಾಲ್ಕು ತುಂಡು ಜೋಡಿಸಿ ಬರುತ್ತಾರೆ. ಎಲ್ಲರಿಗೂ ಎಲ್ಲ ಆಟ ಹಿಡಿಸಲೇಬೇಕಿಲ್ಲ, ಸುಮ್ಮನಿರಲೂ ಒಂದು ಗೌರವದ ಜಾಗ ಬೇಕು.

ಟರ್ಕಿಯ ಎದೆಯ ಭಾಗದಲ್ಲಿ ಕವೆಯಂತಿರುವ ಎಲುಬೊಂದಿದೆ, ವಿಶ್‌ಬೋನ್. ಇಬ್ಬರು ಎರಡು ಕವಲು ಹಿಡಿದು, ಮನಸ್ಸಿನಲ್ಲೇ ಒಂದು ಬಯಕೆ ನೆನೆದು ಎಳೆಯುತ್ತಾರೆ. ದೊಡ್ಡ ತುಂಡು ಸಿಕ್ಕವರ ಬಯಕೆ ಈಡೇರುತ್ತದೆಂಬ ನಂಬಿಕೆ. ಹಸಿ ಎಲುಬು ಬಾಗುತ್ತದೆ, ಮುರಿಯುವುದಿಲ್ಲ. ಅದನ್ನು ತೊಳೆದು, ಕೆಲವು ದಿನ ಒಣಗಿಸಿಟ್ಟರೆ ಮಾತ್ರ ಟಕ್ಕೆಂದು ಮುರಿಯುತ್ತದೆ. ಅದಕ್ಕೇ ಕೆಲವು ಮನೆಗಳಲ್ಲಿ ಹಿಂದಿನ ವರ್ಷದ್ದನ್ನು ಜೋಪಾನ ಮಾಡಿಟ್ಟಿರುತ್ತಾರೆ.

ಹಿರಿಯರ ಕಥೆ

ಈ ಎಲ್ಲ ಚಟುವಟಿಕೆಗಳಲ್ಲಿ ನನಗೆ ಅತಿ ಬೆಲೆಯುಳ್ಳದ್ದಾಗಿ ಕಾಣುವುದು ಸಂಜೆಯ ಸಂದರ್ಶನ. 2003ರಲ್ಲಿ ಡೇವ್ ಐಸೆ ಎಂಬವರು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಸಣ್ಣ ಧ್ವನಿಮುದ್ರಣ ಕೋಣೆ ತೆರೆದು ಸ್ಟೋರಿಕೋರ್ ಎಂಬ ಸಂಸ್ಥೆ ಆರಂಭಿಸಿದರು. ಸಾಮಾನ್ಯ ಜನ ಪರಸ್ಪರ ಪ್ರಶ್ನೆ ಕೇಳಿ ಬದುಕಿನ ಕಥೆ ಮುದ್ರಿಸಿಕೊಳ್ಳಲು ಈ ಸಂಸ್ಥೆ ಅವಕಾಶ ಕೊಡುತ್ತದೆ. ಆ ಮುದ್ರಣಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಳಿಯುತ್ತವೆ. ಇದೇ ಸಂಸ್ಥೆ 2015ರಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಶಾಲಾ ಮಕ್ಕಳು ಮನೆಯ ಹಿರಿಯರನ್ನು ಸಂದರ್ಶಿಸುವ ಯೋಜನೆ ಶುರುಮಾಡಿತು.

ಇದಕ್ಕೆ ಬೇಕಾದ್ದು ಒಂದು ಫೋನು, ಸದ್ದಿಲ್ಲದ ಒಂದು ಕೋಣೆ, ನಾಲ್ಕೈದು ಪ್ರಶ್ನೆ. ನಿಮ್ಮ ಮೊದಲ ಸಂಬಳ ಎಷ್ಟು, ಅದರಲ್ಲಿ ಏನು ಕೊಂಡಿರಿ? ನಿಮ್ಮಮ್ಮ ಯಾವುದಕ್ಕೆ ಬೈಯುತ್ತಿದ್ದರು? ಬಿಟ್ಟುಬಂದ ಊರಿನಲ್ಲಿ ಯಾರ ನೆನಪು ಹೆಚ್ಚು ಕಾಡುತ್ತದೆ? ಪ್ರಶ್ನೆ ಸಣ್ಣದಿದ್ದಷ್ಟೂ ಉತ್ತರ ದೊಡ್ಡದಾಗುತ್ತದೆ. ಆರು ತಿಂಗಳಿಗೆಂದು ಬಂದ ಕನ್ನಡದ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಮೊಮ್ಮಕ್ಕಳು ಇದನ್ನು ಮಾಡಲೇಬೇಕು. ಮಕ್ಕಳ ಕನ್ನಡ ತೊದಲಿದರೂ ಸರಿ, ಅಜ್ಜಿಯ ದನಿ ಅವರ ಬಳಿ ಉಳಿಯುತ್ತದೆ.

ಕನ್ನಡದ ಮನೆಗಳಲ್ಲಿ ಆ ದಿನಕ್ಕೆ ನಮ್ಮದೇ ಆಟಗಳೂ ಸೇರಬೇಕು. ಟರ್ಕಿ ಇಲ್ಲದ ಸಸ್ಯಾಹಾರದ ಊಟವಿರಲಿ, ಬಂದವರೆಲ್ಲ ಒಂದೊಂದು ಅಡುಗೆ ತರುವ ಪಾಟ್‌ಲಕ್ ಇರಲಿ, ಊಟದ ನಂತರ ಕನ್ನಡ ಹಾಡಿನ ಅಂತ್ಯಾಕ್ಷರಿ ಇದ್ದರೆ ಸಂಜೆ ಸರಿದದ್ದೇ ತಿಳಿಯದು. ಚೌಕಾಬಾರವಂತೂ ನನ್ನ ಮೂರೂ ಪ್ರಶ್ನೆಗಳಿಗೆ ಹೌದು ಎನ್ನುವ ಆಟ. ರಟ್ಟಿನ ಮೇಲೆ ಐದೈದು ಮನೆ ಗೀಚಿ, ಕಟ್ಟೆಮನೆಗಳಿಗೆ ಅಡ್ಡಗೆರೆ ಎಳೆದರೆ ಮಣೆ ಆಯಿತು. ಕವಡೆ ಇಲ್ಲದಿದ್ದರೆ ಅಡುಗೆಮನೆಯ ನಾಲ್ಕು ಹುಣಸೆಬೀಜಗಳ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳಬಹುದು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರ ಎಂದು ಪಕ್ಕದ ಮನೆಯ ಅಮೆರಿಕನ್ನರಿಗೆ ಕಲಿಸಲು ಐದು ನಿಮಿಷ ಸಾಕು. ಕಲಿಸುವ ಕೆಲಸವನ್ನು ಅಜ್ಜಿಗೇ ಬಿಡಿ. ಅಳಿಯನ ಮನೆಯಲ್ಲಿ ಅತಿಥಿಯಾಗಿ ಸುಮ್ಮನೆ ಕೂತಿದ್ದವರು ಆಗ ಆಟದ ಯಜಮಾನಿ ಆಗುತ್ತಾರೆ.

ಒಂದು ಎಚ್ಚರ

ಮಕ್ಕಳಿಗೆ ಗರಿಯ ಕಿರೀಟ ತೊಡಿಸಿ ಮೂಲನಿವಾಸಿಗಳ ವೇಷ ಹಾಕಿಸುವ ಹಳೆಯ ರೂಢಿಯನ್ನು ಈಗ ಎಷ್ಟೋ ಶಾಲೆಗಳು ಕೈಬಿಟ್ಟಿವೆ. ನಾವೂ ಬಿಡುವುದೇ ಸರಿ. 1621ರ ಸುಗ್ಗಿಯೂಟದ ನಂತರದ ದಶಕಗಳಲ್ಲಿ ವಾಂಪನೋಗರು ನೆಲವನ್ನೂ ಜನರನ್ನೂ ಕಳೆದುಕೊಂಡರು. 1970ರಿಂದ ಅವರು ಮತ್ತು ಇತರ ಮೂಲನಿವಾಸಿಗಳು ಇದೇ ಗುರುವಾರ ಪ್ಲಿಮತ್‌ನಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆ. ಅವರ ನೋವು ನಮ್ಮ ವಿನೋದದ ವೇಷವಾಗಬಾರದು. ಮಕ್ಕಳಿಗೆ ಆ ಜನರ ಹೆಸರು ಹೇಳಿ, ಅವರು ಇಂದಿಗೂ ಅಲ್ಲಿ ಬದುಕಿದ್ದಾರೆಂದು ತಿಳಿಸಿದರೆ ಕೃತಜ್ಞತೆಯ ಮಾತಿಗೂ ತೂಕ ಬರುತ್ತದೆ.

ಕೊನೆಯದಾಗಿ ವ್ಯವಸ್ಥೆಯ ಮಾತು. ಇಲ್ಲಿ ಹೇಳಿದ ಎಲ್ಲವನ್ನೂ ಒಂದೇ ದಿನ ಮಾಡಹೊರಟರೆ ಹಬ್ಬ ಶಾಲೆಯ ವಾರ್ಷಿಕೋತ್ಸವ ಆದೀತು. ಕೂತು ಮಾಡುವ ಕೆಲಸ ಒಂದು, ಮೇಜಿನ ಆಟ ಒಂದು, ಊಟದ ನಂತರ ಒಂದು, ಹೀಗೆ ಮೂರು ಆರಿಸಿಕೊಳ್ಳಿ. ಕಾಗದ, ಕತ್ತರಿ, ಚೀಟಿಗಳನ್ನು ಬುಧವಾರವೇ ಒಂದು ಪೆಟ್ಟಿಗೆಯಲ್ಲಿ ತೆಗೆದಿಡಿ. ಆಟ ನಡೆಸುವ ಹೊಣೆ ಅಡುಗೆ ಮಾಡುವವರ ತಲೆಗೆ ಬೇಡ, ಹದಿಹರೆಯದ ಮಗಳಿಗೋ ಮಗನಿಗೋ ಒಪ್ಪಿಸಿ. ಜವಾಬ್ದಾರಿ ಕೊಟ್ಟರೆ ಆ ವಯಸ್ಸಿನವರು ಫೋನು ಪಕ್ಕಕ್ಕಿಟ್ಟು ಮುಂದೆ ಬರುತ್ತಾರೆ.

ಈ ನವೆಂಬರಿನಲ್ಲಿ ಅಮೆರಿಕದ ಮನೆಯೊಂದಕ್ಕೆ ಅತಿಥಿಯಾಗಿ ಹೋಗುವವರು ನೀವಾದರೆ, ಸಿಹಿಯ ಡಬ್ಬಿಯ ಜೊತೆಗೆ ನಿಮ್ಮೂರಿನ ಒಂದು ಆಟವನ್ನೂ ಒಯ್ಯಿರಿ. ಆತಿಥ್ಯದ ಭಾರವನ್ನು ಮನೆಯವರೊಂದಿಗೆ ಹಂಚಿಕೊಳ್ಳುವ ಅತಿಥಿಯನ್ನು ಯಾವ ಮನೆಯೂ ಮುಂದಿನ ವರ್ಷ ಕರೆಯದೆ ಬಿಡುವುದಿಲ್ಲ.